ಗಿಟಾರಿಗೆ ಪಿಕಪ್ ಹಾಕಿಸಿದ್ದು

ಸ್ವಲ್ಪ ಉದ್ದ ಐತಿ, ಬಿಡುವಿದ್ದಾಗ ಓದ್ರಿ.

"ಗಿಟಾರಿಗೆ ಒಂದು ಪಿಕಪ್ ಹಾಕಸಬೇಕು" ಅಂತ ನಮ್ಮ ವಾಟ್ಸಾಪ್ ಗುಂಪಿನಾಗ ಬರೆದಾಗ ಮೊದಲು ಬಂದ ಉತ್ತರ: "ಎಷ್ಟ ಮಂದಿ ಅದೀರಿ ಅಣ್ಣಾ? ಬೊಲೆರೊ ಸಾಕಾ, ದೊಡ್ಡ ಗಾಡಿ ಹೇಳಲಾ?" ನಮ್ಮ ಗದಗ ಕಡೆ ಪಿಕಪ್ ಅಂದ್ರ ಗಾಡಿ. ಜಯಂತಿಗೆ ಜನ ತುಂಬಿಕೊಂಡು ಹೋಗೋದು, ಮೈಕ್ ಸೆಟ್ ಹೇರೋದು, ಉಳ್ಳಾಗಡ್ಡಿ ಚೀಲ ಪ್ಯಾಟಿಗೆ ಒಯ್ಯೋದು ಎಲ್ಲ ಅದರಾಗ. ನಾನು ಹೇಳಿದ ಪಿಕಪ್ ಒಂದು ರೂಪಾಯಿ ನಾಣ್ಯಕ್ಕಿಂತ ಒಂಚೂರು ದೊಡ್ಡದಾದ ಹಿತ್ತಾಳೆ ಬಿಲ್ಲೆ. ಇಪ್ಪತ್ತು ರೂಪಾಯಿ. ಅದರ ಕಥೆ ಇದು.

ಆಗಿದ್ದೇನಂದ್ರೆ, ಹೋದ ವರ್ಷ ಏಪ್ರಿಲ್‌ನಲ್ಲಿ ಲಕ್ಷ್ಮೇಶ್ವರ ತಾಲೂಕಿನ ಒಂದು ಊರಿಗೆ ಅಂಬೇಡ್ಕರ್ ಜಯಂತಿಗೆ ಹೋಗಿದ್ವಿ. ಊರ ಹೆಸರು ಬರೆಯೋದಿಲ್ಲ. ನಮ್ಮ ತಂಡ ಅಂದ್ರೆ ಮೂರೇ ಮಂದಿ. ನಾನು ಗಿಟಾರ್, ನಮ್ಮ ತಂಗಿ ಒಬ್ಬಾಕಿ ಹಾಡ್ತಾಳ, ಡಿಗ್ರಿ ಓದೋ ಹುಡುಗ ಒಬ್ಬ ಹಲಗಿ ಬಾರಿಸ್ತಾನ. ಓಣಿಯ ಸಮುದಾಯ ಭವನದ ಮುಂದೆ ಶಾಮಿಯಾನಾ, ಎಂಬತ್ತು ತೊಂಬತ್ತು ಜನ. ಮೈಕ್ ಎರಡು. ಒಂದು ಭಾಷಣದ ಮೇಜಿಗೆ ಕಟ್ಟಿಬಿಟ್ಟಿದ್ದರು, ಇನ್ನೊಂದರ ಮುಂದೆ ನಾವು ಮೂವರೂ ನಿಂತ್ವಿ. ಹಾಡು ಕೇಳ್ತದ, ಹಲಗಿ ಕೇಳ್ತದ, ಗಿಟಾರ್ ಇಲ್ಲ. ಮೈಕನ್ನು ಗಿಟಾರಿನ ಬಾಯಿ ಹತ್ತಿರ ಇಳಿಸಿದ್ರೆ ಕುಂಯ್ ಅಂತ ಸೀಟಿ. ಸೆಟ್ಟಿನ ಹುಡುಗ ಗುಂಡಿ ತಿರುವಿ ಇಳಿಸಿದ. ನಾನು ಒಂಚೂರು ಏರಿಸಪಾ ಅಂದೆ. ಅವ ನಕ್ಕೋತ ಅಂದ:

"ಬಾರಸಾಕ ನಿಮಗ್ಯಾಕ್ರಿ ಮೈಕ್? ಹಲಗಿ ಐತಲ್ಲ ನಿಮಗ."

ಸಿಟ್ಟಿನಿಂದ ಅಂದಿದ್ದಲ್ಲ, ಬೈದಿದ್ದೂ ಅಲ್ಲ. ಮಳೆ ಬಂದ್ರೆ ನೆಲ ಹಸಿ ಆಗ್ತದ ಅನ್ನೋ ಹಂಗೆ ಅಂದ. ಅದಕ್ಕೇ ಉತ್ತರ ಹೊಳೀಲಿಲ್ಲ. ಗಿಟಾರ್ ಹೆಗಲಿಗೆ ಹಾಕಿಕೊಂಡು ಉಳಿದ ಮೂರು ಹಾಡಿಗೆ ಸುಮ್ಮನೆ ಬೆರಳಾಡಿಸಿದೆ. ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಮುದುಕಿ ಬಂದು ನನ್ನ ಕೈ ಹಿಡಿದು, "ತಮ್ಮಾ, ನೀ ಬಾರಸೋದು ಕಂಡ್ತು, ಕೇಳಲಿಲ್ಲ ನೋಡು" ಅಂದ್ಲು. ಅವ ಅಂದಿದ್ದಕ್ಕಿಂತ ಇದು ಹೆಚ್ಚು ಚುಚ್ಚಿತು.

ನಾನು ಹಲಗಿ ಬಿಟ್ಟು ಗಿಟಾರ್ ಯಾಕೆ ಹಿಡಿದೆ ಅಂತ ಎಷ್ಟೋ ಸಂಗಾತಿಗಳು ಕೇಳಿದ್ದಾರೆ, "ಇದು ಪರದೇಶದ್ದಲ್ಲೇನ್ರಿ?" ಅಂತ. ಹೌದು, ಪರದೇಶದ್ದೇ. ಬೆಟಗೇರಿಗೆ ಬಾಸೆಲ್ ಮಿಶನ್ನಿನವರು ಬಂದದ್ದು 1841ರಲ್ಲಿ. ಅವರು ಬಿಟ್ಟುಹೋದ ಚರ್ಚು, ಜನ ಇವತ್ತಿಗೂ ಜರ್ಮನ್ ದವಾಖಾನಿ ಅಂತ ಕರೆಯೋ ಆಸ್ಪತ್ರೆ ಎಲ್ಲ ನಿಮಗೆ ಗೊತ್ತು. ಆ ಚರ್ಚಿನಲ್ಲಿ ಹಾಡ್ತಿದ್ದ ಗೆಳೆಯ ಒಬ್ಬ ಬಿ.ಎ. ಓದುವಾಗ ನನ್ನ ಜೊತೆ ರೂಮಿನಲ್ಲಿದ್ದ. ನಾಲ್ಕು ಕಾರ್ಡ್ ಹೇಳಿಕೊಟ್ಟ. ಆ ನಾಲ್ಕರ ಮೇಲೇ ಇಪ್ಪತ್ತು ವರ್ಷ ನಡೆಸಿದ್ದೇನೆ, ಸುಳ್ಳು ಹೇಳೋದಿಲ್ಲ. ಗಿಟಾರ್ ಹಿಡಿದ ಕಾರಣ ಮಾತ್ರ ಬೇರೆ. ಅದನ್ನು ಬಾರಿಸು ಬಾ ಅಂತ ನನ್ನನ್ನು ಯಾವ ಗೌಡರ ಮನಿಯಿಂದಲೂ ಯಾರೂ ಕರೆಯೋ ಹಂಗಿರಲಿಲ್ಲ.

ನಮ್ಮ ದೊಡ್ಡಪ್ಪ ಹಲಗಿಯವ. ಊರಾಗ ಯಾರಾದರೂ ಸತ್ರೆ, ಜಾತ್ರಿಯಾದ್ರೆ, ಡಂಗುರ ಸಾರಬೇಕಾದ್ರೆ ಬಾಗಿಲಿಗೆ ಬರ್ತಿರಲಿಲ್ಲ, ಓಣಿ ತುದಿಯಾಗ ನಿಂತು ಕೂಗ್ತಿದ್ದರು. ಉಣ್ಣೋ ಗಂಗಾಳ ಬಿಟ್ಟು ಏಳಬೇಕು. ಹುಲ್ಲು ಉರಿಸಿ ಹಲಗಿ ಕಾಯಿಸೋನು, ಚರ್ಮ ಬಿಗಿ ಆದ ಮೇಲೆ ಒಂದು ಪೆಟ್ಟು ಹಾಕಿ ಕಿವಿಗೊಟ್ಟು ಕೇಳೋನು. ಆ ಸದ್ದು ಮುಂದಿನ ಊರಿನ ಹೊಲದವರೆಗೆ ಹೋಗ್ತಿತ್ತು. ಕೂಲಿ ಅಂದ್ರೆ ಸುಗ್ಗಿಯಾಗ ಕೊಡೋ ಆಯದ ಜ್ವಾಳ, ಅದೂ ಮೇಲಿಂದ ಸೆರಗಿಗೆ ಸುರಿಯೋದು. ದಲಿತ ಸಂಘರ್ಷ ಸಮಿತಿ ನಮ್ಮ ಕಡೆ ಬಂದ ಮೇಲೆ ಎಂಬತ್ತರ ದಶಕದಾಗ ಒಂದು ದಿನ, ಇನ್ನು ಬಾರಿಸೋದಿಲ್ಲ ಅಂದುಬಿಟ್ಟ. ನಾನು ಆಗ ಆರೇಳು ವರ್ಷದಾವ. ಆ ವರ್ಷ ಆಯ ಬರಲಿಲ್ಲ, ಹೊಲದ ಕೆಲಸಕ್ಕೂ ಕರೀಲಿಲ್ಲ. ದೊಡ್ಡವ್ವ ಗದಗಿಗೆ ಬಂದು ಕಟ್ಟಡದ ಕೆಲಸಕ್ಕೆ ನಿಂತಳು. ಹಲಗಿಯ ಬಳೆ ಎಷ್ಟೋ ವರ್ಷ ಗ್ವಾಡಿಗೆ ಇತ್ತು, ಚರ್ಮ ಇಲಿ ತಿಂದಿತ್ತು. ದೊಡ್ಡಪ್ಪ ಅದನ್ನು ಮುಟ್ಟಲಿಲ್ಲ, ಎಸೀಲೂ ಇಲ್ಲ.

ಈಗ ನಮ್ಮ ತಂಡದ ಹುಡುಗ ಹಲಗಿ ಹಿಡಿದು ಕುಣಿಯೋದು ನೋಡಿದ್ರೆ ಅವನಿಗೆ ಆ ಭಾರ ಇಲ್ಲ. "ಅಣ್ಣಾ, ಇದು ನಮ್ಮ ದನಿ" ಅಂತಾನ. ತಮಿಳುನಾಡಿನಲ್ಲಿ ಪರೈ ಮೇಳದವರು ಹಂಗೇ ಎತ್ತಿಕೊಂಡರು. ಪಾ. ರಂಜಿತ್ ಅವರ ಜೊತೆಗೂಡಿ ಶುರುವಾದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ 2018ರ ಜನವರಿಯಲ್ಲಿ ಚೆನ್ನೈನಲ್ಲಿ ಪರೈ, ಗಿಟಾರ್ ಎರಡನ್ನೂ ಒಂದೇ ವೇದಿಕೆ ಮೇಲೆ ತಂದಿತು. ದೊಡ್ಡಪ್ಪನ ತಲೆಮಾರು ಬಿಟ್ಟಿದ್ದೂ ಸ್ವಾಭಿಮಾನ, ಈ ಹುಡುಗನ ತಲೆಮಾರು ಹಿಡಿದದ್ದೂ ಸ್ವಾಭಿಮಾನ. ಇದರ ಮೇಲೆ ನಮ್ಮ ಸಭೆಗಳಲ್ಲಿ ಗಂಟೆಗಟ್ಟಲೆ ಜಗಳ ನೋಡಿದ್ದೇನೆ, ಮಾಡಿದ್ದೇನೆ. ಯಾರು ಕರೀತಾರ, ಯಾರ ಬಾಗಿಲ ಮುಂದೆ, ಎಷ್ಟು ರೊಕ್ಕ ಅನ್ನೋದನ್ನ ಕೇಳದೆ ಬರೇ ವಾದ್ಯದ ಮೇಲೆ ಜಗಳಾಡಿದ್ರೆ ಮುಗಿಯೋ ಮಾತಲ್ಲ ಅದು. ದೊಡ್ಡಪ್ಪ ಮಾತ್ರ ಎರಡು ವರ್ಷದಿಂದ ನಮ್ಮ ಕಾರ್ಯಕ್ರಮಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂತ್ರೂ ಆ ಹುಡುಗನ ಜೊತೆ ಒಂದು ಮಾತೂ ಆಡಿರಲಿಲ್ಲ.

ಇರಲಿ. ಗಿಟಾರಿನ ವಿಷಯಕ್ಕೆ ಬರ್ತೀನಿ.

ಹಲಗಿ ಬಯಲಿಗಂತಲೇ ಮಾಡಿದ್ದು. ಗಿಟಾರ್ ನಾಲ್ಕು ಗೋಡೆ ಒಳಗಿನ ವಾದ್ಯ. ಎರಡನ್ನೂ ಓಣಿಯ ಬಯಲಿನಾಗ ಒಂದೇ ಮೈಕಿನ ಮುಂದೆ ನಿಲ್ಲಿಸಿದ್ರೆ ಗಿಟಾರ್ ಸತ್ತಂಗೇ. ಮೈಕಿಗೆ ಗಿಟಾರ್ ಯಾವುದು, ಸ್ಪೀಕರ್ ಯಾವುದು ಗೊತ್ತಾಗೋದಿಲ್ಲ. ಸ್ಪೀಕರಿನಿಂದ ಬಂದ ಸದ್ದನ್ನೇ ಮತ್ತೆ ಹಿಡಿದು ಸ್ಪೀಕರಿಗೆ ಕೊಡ್ತದ, ಅದು ಸುತ್ತಿ ಸುತ್ತಿ ಸೀಟಿ ಆಗ್ತದ. ಇನ್ನು ನಮ್ಮ ಗಾಳಿ! ಗದಗಿನಿಂದ ಮುಂಡರಗಿ ರಸ್ತೆಗೆ ಹೋದವರಿಗೆ ಗೊತ್ತು, ಕಪ್ಪತಗುಡ್ಡದ ಸುತ್ತ ಆ ಪರಿ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಾಗ ಶಿರಹಟ್ಟಿ ಬಯಲಿನಲ್ಲಿ ಮೈಕ್ ಹಿಡಿದ್ರೆ ಅರ್ಧ ಗಾಳಿಯದೇ ಭಾಷಣ. ಪಿಕಪ್ ಹಂಗಲ್ಲ. ಅದು ಗಾಳಿಯಲ್ಲಿ ಬರೋ ಸದ್ದಿಗೆ ಕಾಯೋದಿಲ್ಲ, ಕಟ್ಟಿಗೆಗೆ ಅಂಟಿಕೊಂಡು ಕಟ್ಟಿಗೆಯ ನಡುಕವನ್ನೇ ಹಿಡೀತದ.

ಬಜಾರಿನಲ್ಲಿ ಸಿಗೋದು ಮುಖ್ಯವಾಗಿ ಮೂರು ನಮೂನಿ. ಒಂದು ಅಯಸ್ಕಾಂತದ್ದು, ಗಿಟಾರಿನ ಬಾಯಿಗೆ ಅಡ್ಡ ಸಿಗಿಸೋದು. ಸ್ಟೀಲ್ ತಂತಿ ಇದ್ರೆ ಮಾತ್ರ ನಡೀತದ, ನೈಲಾನ್ ತಂತಿಗೆ ಕೆಲಸ ಮಾಡೋದಿಲ್ಲ. ಎರಡನೇದು ಬ್ರಿಡ್ಜ್ ಮೇಲಿನ ಬಿಳಿ ಪಟ್ಟಿ, ಸ್ಯಾಡಲ್ ಅಂತಾರಲ್ಲ, ಅದರ ಕೆಳಗೆ ಕೂರೋ ಸಣ್ಣ ಕಡ್ಡಿ. ಸದ್ದು ಚಲೋ, ಆದ್ರೆ ಆ ಕಡ್ಡಿ ಎಷ್ಟು ದಪ್ಪ ಐತೋ ಅಷ್ಟು ಸ್ಯಾಡಲಿನ ತಳ ಉಜ್ಜಿ ಇಳಿಸಬೇಕು. ತಳ ಒಂಚೂರು ಡೊಂಕಾದ್ರೂ ಒಂದು ತಂತಿ ಜೋರು, ಇನ್ನೊಂದು ಮೂಗ. ಅದರ ಜೊತೆ ಬರೋ ಗುಂಡಿಗಳ ಪೆಟ್ಟಿಗೆಗೆ ಗಿಟಾರಿನ ಪಕ್ಕೆಯಲ್ಲಿ ಚೌಕ ಕೊರೀಬೇಕು. ನನ್ನದು 2,800ಕ್ಕೆ ಕೊಂಡ ಸೆಕೆಂಡ್ ಹ್ಯಾಂಡ್ ಗಿಟಾರ್. ಅದರ ಪಕ್ಕೆ ಕೊರೆಯೋಕೆ ಮನಸಾಗಲಿಲ್ಲ. ಮೂರನೇದು ಈ ಹಿತ್ತಾಳೆ ಬಿಲ್ಲೆ. 27 ಮಿಲಿಮೀಟರ್ ಅಗಲ, ನಡುವೆ ಬಿಳಿ ಪಿಂಗಾಣಿಯ ತೆಳು ಪದರ. ಪೀಜೋ ಅಂತ ಹೆಸರು. ಬಜರ್‌ನಾಗ ಕುಂಯ್ ಅನ್ನೋದು ಇದೇ ಬಿಲ್ಲೆ. ಅಲ್ಲಿ ಕರೆಂಟು ಕೊಟ್ರೆ ಸದ್ದು ಮಾಡ್ತದ, ಇಲ್ಲಿ ಸದ್ದು ಕೊಟ್ರೆ ಕರೆಂಟು ಹುಟ್ಟಿಸ್ತದ.

1880ರಲ್ಲಿ ಫ್ರಾನ್ಸಿನ ಪಿಯರ್ ಕ್ಯೂರಿ, ಜಾಕ್ ಕ್ಯೂರಿ ಅನ್ನೋ ಅಣ್ಣತಮ್ಮಂದಿರು ಕಂಡುಹಿಡಿದದ್ದು ಇದನ್ನ. ಕೆಲವು ಹರಳುಗಳನ್ನು ಒತ್ತಿದ್ರೆ ವಿದ್ಯುತ್ ಹುಟ್ಟುತ್ತದೆ ಅಂತ. ಪೀಜೋ ಅನ್ನೋ ಮಾತಿನ ಗ್ರೀಕ್ ಮೂಲಕ್ಕೂ ಒತ್ತು, ಅದುಮು ಅಂತಲೇ ಅರ್ಥ. ಇದನ್ನು ಓದಿದ ದಿನ ನನಗೆ ನಿದ್ದಿ ಬರಲಿಲ್ಲ. ದಲಿತ ಅಂದ್ರೂ ತುಳಿಸಿಕೊಂಡವ, ಅದುಮಿಸಿಕೊಂಡವ. ಮುಂದಿನ ಸಭೆಯಲ್ಲೇ "ಒತ್ತಿದಷ್ಟೂ ಕರೆಂಟು ಹುಟ್ಟುತ್ತದೆ ಸಂಗಾತಿಗಳೇ" ಅಂತ ಭಾಷಣ ಬಿಗಿದೆ. ಚಪ್ಪಾಳಿ ಬಿತ್ತು. ಮರುದಿನ ಗದಗಿನ ರೇಡಿಯೊ-ಟಿವಿ ರಿಪೇರಿ ಅಂಗಡಿಯ ಕಾಕಾನ ಮುಂದೆ ಅದೇ ಮಾತು ಆಡಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಭಾಳ ಒತ್ತಬ್ಯಾಡ್ರಿ, ಒಡದ ಹೋಗತೈತಿ" ಅಂದ್ರು. ಮೂರು ಬಿಲ್ಲೆ ಕೊಂಡಿದ್ದೆ, ಒಂದನ್ನು ಹಂಗೇ ಒಡೆದೆ. ಆ ಭಾಷಣ ಈಗ ಬಿಟ್ಟಿದ್ದೇನೆ.

ಮೊದಲನೇ ಪ್ರಯತ್ನ ಪೂರ್ತಿ ಹಾಳು. ಕಚೇರಿಯಿಂದ ಬಂದು ರಾತ್ರಿ ಕೂತು ಬಿಲ್ಲೆಗೆ ಎರಡು ಸಾದಾ ವೈರು ಬೆಸುಗೆ ಹಾಕಿದೆ. ಡಬಲ್ ಟೇಪಿನಿಂದ ಗಿಟಾರಿನ ಮೇಲೆ ಅಂಟಿಸಿ ಆಂಪ್ಲಿಫೈಯರಿಗೆ ಸಿಗಿಸಿದೆ. ತಗಡಿನ ಡಬ್ಬಿಯೊಳಗೆ ಕಾಳು ಅಲ್ಲಾಡಿಸಿದಂಗೆ ಸದ್ದು. ಅದರ ಕೆಳಗೆ ಗೂಂ ಅನ್ನೋ ಹಮ್ಮು. ಟ್ಯೂಬ್‌ಲೈಟ್ ಆರಿಸಿದ್ರೆ ಹಮ್ಮು ಅರ್ಧ ಕಡಿಮಿ. ನನ್ನ ಹೆಂಡತಿ ಒಳಗಿಂದ, "ಕತ್ತಲದಾಗ ಬಾರಸೋದಾದ್ರ ಕರೆಂಟ್ ಯಾಕ ಬೇಕು?" ಅಂದ್ಲು.

ಕಾಕಾ ತಿಳಿಸಿ ಹೇಳಿದ್ರು. ಈ ಬಿಲ್ಲೆ ಹುಟ್ಟಿಸೋ ಕರೆಂಟಿಗೆ ಜೀವ ಬಹಳ ಕಡಿಮಿ. ನಮ್ಮ ಮೈಕ್ ಸೆಟ್ಟಿನ ಇನ್‌ಪುಟ್ ಸಾದಾ ಮೈಕಿಗೆ ಅಂತ ಮಾಡಿದ್ದು, ಅದು ಬಿಲ್ಲೆಯ ದನಿಯನ್ನು ಎಳೆದು ನೆಲಕ್ಕೆ ಹಾಕ್ತದ. ಮೊದಲು ಹೋಗೋದು ದಪ್ಪ ತಂತಿಯ ಭಾರದ ದನಿ, ಉಳಿಯೋದು ಬರೇ ಕಿಣಿಕಿಣಿ. ನಡುವೆ ಒಂದು ಪ್ರೀಆಂಪ್ ಬೇಕು. ಹತ್ತು ಲಕ್ಷ ಓಮ್, ಅಂದ್ರೆ ಒಂದು ಮೆಗಾ ಓಮ್‌ನಷ್ಟಾದರೂ ಇನ್‌ಪುಟ್ ಇರೋದು. ಅದು ಬಿಲ್ಲೆಯಿಂದ ಏನನ್ನೂ ಕಿತ್ತುಕೊಳ್ಳದೆ ಕೇಳಿಸಿಕೊಂಡು, ಸೆಟ್ಟಿಗೆ ತಿಳಿಯೋ ಹಂಗೆ ಜೋರಾಗಿ ಹೇಳ್ತದ. 9 ವೋಲ್ಟಿನ ಸಣ್ಣ ಬ್ಯಾಟರಿ ಸಾಕು. ಹಮ್ಮಿಗೆ ಔಷಧ ಅಂದ್ರೆ ಸಾದಾ ವೈರು ಬಿಟ್ಟು ಜಾಳಿಗೆ ಇರೋ ಶೀಲ್ಡ್ ವೈರು ಹಾಕೋದು, ಬಿಲ್ಲೆಯ ಹಿಂದೆ ಕಾಗದ ಇಟ್ಟು ತಾಮ್ರದ ಟೇಪು ಸುತ್ತಿ ಅದನ್ನು ಅರ್ಥಿಗೆ ಕೂಡಿಸೋದು.

ಎಲ್ಲಿ ಅಂಟಿಸಬೇಕು ಅನ್ನೋದಕ್ಕೇ ಎರಡು ಭಾನುವಾರ ಹೋದವು. ತಂತಿ ಸಡಿಲು ಮಾಡಿ, ಗಿಟಾರಿನ ಬಾಯಿಯೊಳಗೆ ಕೈ ಹಾಕಿ, ಬ್ರಿಡ್ಜಿನ ಕೆಳಗಿರೋ ಕಟ್ಟಿಗೆ ಪಟ್ಟಿ ಮೇಲೆ ಒಂದೊಂದು ಕಡೆ ಟೇಪು ಹಚ್ಚಿ ಕೇಳಬೇಕು. ದಪ್ಪ ತಂತಿಯ ಕಡೆ ಇಟ್ರೆ ಗುಮ್ಮು ಗುಮ್ಮು. ತೀರ ಈಚೆ ಇಟ್ರೆ ಕೀರಲು. ನನ್ನ ಗಿಟಾರಿಗೆ ಎರಡನೇ ಮೂರನೇ ತಂತಿಯ ನಡುವೆ ಸರಿಹೋಯ್ತು. ನಿಮ್ಮದಕ್ಕೆ ಬೇರೆ ಇರಬಹುದು, ಕೇಳಿ ನೋಡ್ರಿ. ಜಾಗ ಗೊತ್ತಾದ ಮೇಲೆ ಟೇಪು ತೆಗೆದು ಫೆವಿಕ್ವಿಕ್ ಹಾಕಿ ಅಂಟಿಸಿದೆ. ಟೇಪು ಮೆತ್ತಗಿರ್ತದ, ನಡುಕ ತಾನೇ ನುಂಗಿಬಿಡ್ತದ. ಗಟ್ಟಿಯಾಗಿ ಕಚ್ಚಿಕೊಂಡ್ರೆ ಸದ್ದು ತುಂಬಿಕೊಂಡು ಬರ್ತದ.

ಉಳಿದದ್ದು ತೂತು. ಗಿಟಾರಿನ ಬುಡದಾಗ ಬೆಲ್ಟು ಸಿಗಿಸೋ ಗುಬ್ಬಿ ಇರ್ತದಲ್ಲ, ಅದನ್ನು ತೆಗೆದು 12 ಮಿಲಿಮೀಟರ್ ತೂತು ಹಾಕಿ ಜ್ಯಾಕ್ ಕೂರಿಸಬೇಕು. ನನ್ನ ಕೈ ನಡುಗಿತು. ಬೆಟಗೇರಿಯಲ್ಲಿ ಕೈಮಗ್ಗ ರಿಪೇರಿ ಮಾಡೋ ಬಡಿಗ್ಯಾರ ಹತ್ತಿರ ಒಯ್ದೆ. ಅವರು ಗಿಟಾರನ್ನು ತಿರುವಿ ತಿರುವಿ ನೋಡಿ, ಒಳಗೆ ಗಟ್ಟಿ ಕಟ್ಟಿಗೆ ಐತೋ ಇಲ್ಲೋ ಬೆರಳಿಂದ ಬಡಿದು ಕೇಳಿದರು. ಸಣ್ಣ ತೂತಿನಿಂದ ಶುರು ಮಾಡಿ ನಾಲ್ಕು ಸಲ ಬಿಟ್ ಬದಲಿಸಿ ದೊಡ್ಡದು ಮಾಡಿದರು. ಒಂದು ಸೀಳು ಬರಲಿಲ್ಲ. ರೊಕ್ಕ ಕೊಡಾಕ ಹೋದ್ರೆ, "ಮೊದಲ ಒಂದ ಹಾಡ ಬಾರಸ್ರಿ" ಅಂದ್ರು. ಸಿದ್ಧಲಿಂಗಯ್ಯನವರ ಒಂದು ಹಾಡಿನ ಧಾಟಿ ಬಾರಿಸಿದೆ. ಪಕ್ಕದ ಮನಿ ಮಗ್ಗ ಎರಡು ನಿಮಿಷ ನಿಂತಿತ್ತು.

ಬಿಲ್ಲೆ, ವೈರು, ಜ್ಯಾಕು, ಪ್ರೀಆಂಪ್ ಎಲ್ಲ ಸೇರಿ ಏಳುನೂರಾ ಐವತ್ತರೊಳಗೆ ಮುಗೀತು. ನಮಗೆ ಬೇಕಾದ ದೊಡ್ಡ ಖರ್ಚು ಆಂಪ್ಲಿಫೈಯರ್‌ದು. ಆರು ಮಂದಿ ವರ್ಗಣಿ ಹಾಕಿ 30 ವ್ಯಾಟಿನ, 12 ವೋಲ್ಟ್ ಬ್ಯಾಟರಿ ಮೇಲೂ ನಡೆಯೋ ಹಳೇ ಆಂಪ್ ಒಂದನ್ನು, ಒಂದು ಸ್ಪೀಕರ್ ಪೆಟ್ಟಿಗೆಯನ್ನು ಕೊಂಡ್ವಿ. ಬ್ಯಾಟರಿ ಆಟೋ ಓಡಿಸೋ ಸಂಗಾತಿಯದು. ಕಾರ್ಯಕ್ರಮದ ದಿನ ಆಟೋನೂ ಬರ್ತದ, ಬ್ಯಾಟರಿನೂ ಬರ್ತದ.

ಅಮೆರಿಕದ ಮಿಸಿಸಿಪ್ಪಿಯ ಹತ್ತಿ ಹೊಲದಿಂದ 1943ರಲ್ಲಿ ಷಿಕಾಗೊಕ್ಕೆ ಹೋದ ಕರಿಯ ಹಾಡುಗಾರ ಮಡ್ಡಿ ವಾಟರ್ಸ್‌ಗೂ ಇದೇ ಫಜೀತಿ ಆಗಿತ್ತು. ಊರಾಗ ಅವನ ಸಾದಾ ಗಿಟಾರ್ ಸಾಕಿತ್ತು, ಷಿಕಾಗೊದ ಗದ್ದಲದ ಖಾನಾವಳಿ, ಕುಡಿಯೋ ಅಂಗಡಿಗಳಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಒಂದೆರಡು ವರ್ಷದಾಗ ಕರೆಂಟಿನ ಗಿಟಾರ್ ಹಿಡಿದ. ಅಲ್ಲಿಂದ ಮುಂದಿನದು ಇತಿಹಾಸ. ನಮ್ಮದು ಅಷ್ಟು ದೊಡ್ಡದಲ್ಲ ಬಿಡ್ರಿ, ಶಿರಹಟ್ಟಿಯ ಅರವತ್ತು ಜನಕ್ಕೆ ಕೇಳಿದ್ರೆ ಸಾಕಿತ್ತು.

ಕೇಳಿತು. ನವೆಂಬರ್ 26, ಸಂವಿಧಾನ ದಿನ. ಹಲಗಿ ಪಕ್ಕದಲ್ಲೇ ಇದ್ರೂ ಗಿಟಾರ್ ಬೇರೆಯಾಗಿ ನಿಂತಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಾನು ತಂತಿಯನ್ನು ಬಡಿಯೋದು ಬಿಟ್ಟು ಮೆಲ್ಲಗೆ ಮೀಟಿದೆ. ನಮ್ಮ ತಂಗಿ ಹಾಡುತ್ತ ಹಾಡುತ್ತ ತಿರುಗಿ ನೋಡಿದಳು. ಆಕಿನೂ ಕೂಗೋದು ಬಿಟ್ಟಿದ್ದಳು. ನಮ್ಮ ಹೋರಾಟದ ಹಾಡು ಅಂದ್ರೆ ಗಂಟಲು ಹರಿಯೋ ಹಂಗೆ ಅನ್ನಬೇಕು ಅಂತ ನಾವೇ ತಿಳಕೊಂಡುಬಿಟ್ಟಿದ್ವಿ. ಅರ್ಧ ಕಾರಣ ಸಿಟ್ಟು, ಇನ್ನರ್ಧ ಮೈಕ್ ಇಲ್ಲದಿದ್ದದ್ದು.

ತಪ್ಪುಗಳೂ ಆದವು. ನಡುನಡುವೆ ಟರ್ ಟರ್ ಅಂತ ಸದ್ದು, ಎಲ್ಲಿಂದ ಅಂತ ಯಾರಿಗೂ ಗೊತ್ತಾಗಲಿಲ್ಲ. ಕಡೆಗೆ ನೋಡಿದ್ರೆ ನನ್ನ ಎದೆ ಮೇಲಿನ ಬಾಬಾಸಾಹೇಬರ ಬ್ಯಾಡ್ಜು ಗಿಟಾರಿನ ಬೆನ್ನಿಗೆ ತಿಕ್ಕುತ್ತಿತ್ತು. ಪಿಕಪ್ಪಿಗೆ ಭಕ್ತಿ ಗೊತ್ತಾಗೋದಿಲ್ಲ, ಎಲ್ಲಾನೂ ಕೇಳಿಸ್ತದ. ಈಗ ಬ್ಯಾಡ್ಜು ಕಾಲರಿಗೆ ಹಾಕ್ತೀನಿ. ಇನ್ನೊಂದು, ಸ್ಪೀಕರನ್ನು ಬೆನ್ನ ಹಿಂದೆ ಇಟ್ಟಿದ್ವಿ, ಆಂಪ್ ಏರಿಸಿದ ಕೂಡಲೇ ಗಿಟಾರಿನ ಹೊಟ್ಟೆ ಗುಂಯ್ ಅನ್ನೋಕೆ ಹತ್ತಿತು. ಸ್ಪೀಕರ್ ನಮಗಿಂತ ಮುಂದೆ, ಜನರ ಕಡೆ ಮುಖ ಮಾಡಿ ಇರಬೇಕು. ಗಿಟಾರಿನ ಬಾಯಿಗೆ ದಪ್ಪ ಫೋಮ್ ದುಂಡಗೆ ಕತ್ತರಿಸಿ ಸಿಗಿಸಿದ ಮೇಲೆ ಗುಂಯ್ ನಿಂತಿತು.

ಆಮೇಲೆ ಡಿಸೆಂಬರ್ 6. ಮುಂಡರಗಿ ತಾಲೂಕಿನ ಒಂದು ಓಣಿ. ಪರಿನಿಬ್ಬಾಣದ ದಿನ ನಾವು ಹಲಗಿ ಒಯ್ಯೋದಿಲ್ಲ. ಯಾರೂ ನಿಯಮ ಮಾಡಿದ್ದಲ್ಲ. ಸಾವಿನ ಮನಿ ಮುಂದೆ ಹಲಗಿ ಬಾರಿಸಿದ ಹಿರಿಯರು ಅಲ್ಲಿ ಕೂತಿರ್ತಾರ, ಅದಕ್ಕೆ. ಹುಡುಗ ವೈರು ಹಿಡಿಯೋಕೆ ಬಂದಿದ್ದ. ದೊಡ್ಡಪ್ಪನೂ ಬಂದಿದ್ದ, ಎಪ್ಪತ್ತು ದಾಟೈತಿ, ಆಟೋದಾಗ ಬ್ಯಾಟರಿ ಪಕ್ಕ ಕೂತು. ಸಂಜಿಗೆ ಕರೆಂಟ್ ಹೋತು. ಮೇಣಬತ್ತಿ ಹಚ್ಚಿದ್ರು. ನಮ್ಮ ಆಂಪಿನ ಕೆಂಪು ದೀಪ ಮಾತ್ರ ಉರೀತಿತ್ತು.

ಜನ ಬರೋ ಮೊದಲು ಗಿಟಾರನ್ನು ಕುರ್ಚಿ ಮೇಲೆ ಮಲಗಿಸಿ, ಸ್ಪೀಕರ್ ಎಷ್ಟು ದೂರ ಕೇಳ್ತದ ನೋಡೋಕೆ ನಾನು ಓಣಿ ತುದಿಗೆ ಹೋಗಿದ್ದೆ. ಅಲ್ಲಿ ನಿಂತಾಗ ಸ್ಪೀಕರಿನಿಂದ ಹಲಗಿ ಸದ್ದು ಬಂತು. ಮೆಲ್ಲಗೆ, ದಪ್ಪಗೆ. ನಾಲ್ಕು ಪೆಟ್ಟು, ಒಂದು ಬಿಡುವು, ಮತ್ತೆ ಮೂರು. ಹುಡುಗ ನನ್ನ ಪಕ್ಕದಲ್ಲೇ ಇದ್ದ, ಅವನಲ್ಲ. ವಾಪಸ್ ಬಂದು ನೋಡಿದ್ರೆ ದೊಡ್ಡಪ್ಪ ಕುರ್ಚಿ ಮುಂದೆ ಕುಕ್ಕುರುಗಾಲಿನಲ್ಲಿ ಕೂತಾನ, ಎರಡು ಕೈಯ ಬೆರಳೂ ಗಿಟಾರಿನ ಹಲಗೆ ಮೇಲೆ. ಮುಟ್ಟಿ ನೋಡಿದ್ದಾನ, ಸ್ಪೀಕರಿನಲ್ಲಿ ಸದ್ದು ಬಂದೈತಿ, ಮತ್ತೊಮ್ಮೆ ಮುಟ್ಟಿದ್ದಾನ. ಬೆರಳು ತಾವಾಗೇ ಹೋಗಿಬಿಟ್ಟಾವ.

ನನ್ನ ನೋಡಿ ಕೈ ತೆಗೆದ. ಬೈತಾನೇನೋ ಅಂದುಕೊಂಡೆ.

"ಇದನ್ನ ಕಾಯಿಸೋ ಹಂಗಿಲ್ಲೇನು?" ಅಂದ.

"ಇಲ್ಲ ದೊಡ್ಡಪ್ಪಾ."

ಸ್ವಲ್ಪ ಹೊತ್ತು ವೈರು ನೋಡಿದ, ಜ್ಯಾಕ್ ನೋಡಿದ. ಆಮೇಲೆ ನನಗಲ್ಲ, ನನ್ನ ಹಿಂದೆ ನಿಂತ ಹುಡುಗನಿಗೆ ಹೇಳಿದ: "ಲೇ ತಮ್ಮಾ, ಎಡಗೈಯಾಗಿನ ಸಣ್ಣ ಕೋಲ ಬಿಗಿ ಹಿಡಿತಿ ನೀ. ಸಡ್ಲ ಹಿಡಿ. ಅದು ತಾನ ಕುಣಿಬೇಕು."

ಅಷ್ಟೇ. ಚಾ ಕುಡಿಯೋಕೆ ಎದ್ದು ಹೋದ. ಮತ್ತೆ ಗಿಟಾರ್ ಮುಟ್ಟಿಲ್ಲ, ನಾನೂ ಮುಟ್ಟು ಅಂತ ಹೇಳಿಲ್ಲ.

ಈ ಏಪ್ರಿಲ್‌ನಲ್ಲಿ ಅದೇ ಲಕ್ಷ್ಮೇಶ್ವರ ಕಡೆಯ ಊರಿಗೆ ಮತ್ತೆ ಹೋಗಿದ್ವಿ. ಜನ ಹೆಚ್ಚು, ನಮ್ಮ 30 ವ್ಯಾಟು ಸಾಲೋದಿಲ್ಲ, ಅದೇ ಸೆಟ್ ಹೇಳಿದ್ರು, ಅದೇ ಹುಡುಗ ಬಂದಿದ್ದ. ನಾನು ಪ್ರೀಆಂಪಿನ ವೈರು ಅವನ ಕೈಗೆ ಕೊಟ್ಟೆ. ಎಲ್ಲಿ ಸಿಗಿಸಬೇಕು ಅಂತ ಕೇಳಿದ, ತೋರಿಸಿದೆ. ಗುಂಡಿ ಏರಿಸಿದ, ಸೀಟಿ ಬರಲಿಲ್ಲ, ಇನ್ನೂ ಏರಿಸಿದ. "ಎಷ್ಟಕ್ಕ ತಂದ್ರಿ ಇದನ್ನ?" ಅಂದ. ಇಪ್ಪತ್ತು ರೂಪಾಯಿ ಅಂದೆ. ನಂಬಲಿಲ್ಲ. ಹೋದ ವರ್ಷ ನೀ ಏನಂದಿದ್ದಿ ನೆನಪೈತೇನು ಅಂತ ಕೇಳಬೇಕು ಅಂತ ವರ್ಷಪೂರ್ತಿ ಅಂದುಕೊಂಡಿದ್ದೆ. ಹಾಡಿನ ಹೊತ್ತಾಗಿತ್ತು, ಕೇಳಲಿಲ್ಲ. ಮುಂದಿನ ಸಲ ಕೇಳ್ತೀನಿ.

ನನ್ನ ಹತ್ತಿರ ಇನ್ನೂ ಒಂದು ಬಿಲ್ಲೆ ಉಳಿದೈತಿ. ಏಕತಾರಿಗೆ ಹಾಕಿ ನೋಡೋ ಆಸೆ. ನಮ್ಮ ಕಡೆ ತತ್ವಪದ ಹಾಡೋ ಹಿರಿಯರು ಯಾರಾದರೂ ತಮ್ಮ ಏಕತಾರಿ ಒಂದು ಭಾನುವಾರದ ಮಟ್ಟಿಗೆ ಕೊಟ್ಟರೆ, ತೂತು ಹಾಕದೆ, ಬರೇ ಟೇಪಿನಲ್ಲಿ ಅಂಟಿಸಿ ನೋಡಿ ವಾಪಸ್ ಕೊಡ್ತೀನಿ. ಇನ್‌ಬಾಕ್ಸಿಗೆ ಬರ್ರಿ.

ಜೈ ಭೀಮ್.